ಹಾಳು ಸುರಂಗದ ಬಾಯಿಗೆ ಗೋಡೆ ಕಟ್ಟಬಹುದೇ?

ಪ್ರಶ್ನೆ: ಕಪ್ಪತಗುಡ್ಡದ ಅಂಚಿನಲ್ಲಿರುವ ನಮ್ಮೂರ ಬಳಿ, ಹಿಂದೆ ಚಿನ್ನಕ್ಕಾಗಿ ತೋಡಿ ಬಿಟ್ಟ ಸುರಂಗವೊಂದಿದ್ದು, ಅದರ ತುಂಬ ತೊಗಲುಬಾವಲಿಗಳಿವೆ. ದನ ಕಾಯುವ ಹುಡುಗರು ಒಳಹೊಕ್ಕು ಅಪಾಯಕ್ಕೆ ಸಿಕ್ಕಾರು, ನಿಪಾ ರೋಗವೂ ಬಂದೀತು ಎಂಬ ಅಂಜಿಕೆಯಿಂದ ಊರ ಹಿರಿಯರು ಹೊಗೆ ಹಾಕಿ ಬಾವಲಿಗಳನ್ನು ಓಡಿಸಿ, ಬಾಯಿಗೆ ಕಲ್ಲುಗೋಡೆ ಕಟ್ಟಿಸಬೇಕೆನ್ನುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ಗದಗ ಜಿಲ್ಲೆ

ಉತ್ತರ: ಹಿರಿಯರ ಕಾಳಜಿ ನ್ಯಾಯವಾದುದು. ಹಳೆಯ ಸುರಂಗದ ಮಾಳಿಗೆ ಯಾವಾಗ ಕುಸಿದೀತೆಂದು ಹೇಳಲಾಗದು. ಕತ್ತಲಲ್ಲಿ ಕಾಣದ ಆಳವಾದ ಗುಂಡಿಗಳೂ ಇರಬಹುದು. ಆದರೆ ಹೊಗೆ ಮತ್ತು ಗೋಡೆಯ ವಿಚಾರವನ್ನು ದಯವಿಟ್ಟು ಕೈಬಿಡಿ. ತೊಗಲುಬಾವಲಿ ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಹಾಕುತ್ತದೆ. ತಾಯಂದಿರು ಗಾಬರಿಬಿದ್ದು ಹಾರಿದಾಗ ರೆಕ್ಕೆ ಬಲಿಯದ ಮರಿಗಳು ನೆಲಕ್ಕೆ ಬಿದ್ದು ಸಾಯುತ್ತವೆ; ಹೀಗೆ ಒಂದೇ ಸಂಜೆ ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಆ ಗುಂಪಿಗೆ ಹಲವು ವರ್ಷ ಹಿಡಿಯುತ್ತದೆ.

ಬಾವಲಿಗಳ ಜೊತೆಗೆ ಹೋಗುವ ಜೀವಗಳು ಇನ್ನೂ ಇವೆ. ಬಿಸಿಲು ತಲುಪದ ಸುರಂಗದಲ್ಲಿ ಹುಲ್ಲುಕಡ್ಡಿಯೂ ಬೆಳೆಯದ ಕಾರಣ, ಬಾವಲಿಗಳು ರಾತ್ರಿಯೆಲ್ಲ ಹೊರಗೆ ತಿಂದು ಬಂದು ಉದುರಿಸುವ ಹಿಕ್ಕೆಯೇ ಅಲ್ಲಿನ ಮಿಡತೆಯಂಥ ಹುಳುಗಳಿಗೆ ಅನ್ನ. ಆ ಹುಳುಗಳು ಜೇಡಗಳಿಗೆ ಅನ್ನ. ಸುರಂಗದ ಹೊರಗೆ ಬಿದ್ದ ಒಣ ಹಿಕ್ಕೆಯೊಂದನ್ನು ಕಡ್ಡಿಯಿಂದ ಒತ್ತಿ ನೋಡಿ. ಇಲಿಯ ಹಿಕ್ಕೆ ಗಟ್ಟಿಯಾಗಿರುತ್ತದೆ. ಹುಳು ತಿನ್ನುವ ಬಾವಲಿಯದು ಪುಡಿಪುಡಿಯಾಗಿ, ಅದರಲ್ಲಿ ಪತಂಗ, ದುಂಬಿಗಳ ರೆಕ್ಕೆಯ ಚೂರುಗಳು ಮಿನುಗುತ್ತವೆ. ನಿಮ್ಮ ಗೋವಿನಜೋಳಕ್ಕೆ ಕಾಟ ಕೊಡುವ ಪತಂಗಗಳೂ ಅದರಲ್ಲಿರಬಹುದು.

ನಿಪಾ ವೈರಾಣುವಿನ ಮುಖ್ಯ ಆಸರೆ ಮರಗಳಲ್ಲಿ ಜೋತುಬೀಳುವ, ಹಣ್ಣು ತಿನ್ನುವ ದೊಡ್ಡ ಬಾವಲಿ. ಆದರೂ ಮಹಾರಾಷ್ಟ್ರದ ಮಹಾಬಲೇಶ್ವರದ ಗುಹೆಯೊಂದರ ಬಾವಲಿಗಳಲ್ಲಿ ನಿಪಾ ಸೋಂಕಿನ ಕುರುಹು ಸಿಕ್ಕಿದ್ದು 2021ರಲ್ಲಿ ಪ್ರಕಟವಾಗಿದೆ; ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ತಗಲುವ ಶಿಲೀಂಧ್ರವೂ ಇರಬಲ್ಲದು. ಆದ್ದರಿಂದ ಒಳಹೋಗದಿರುವುದು, ಬಾವಲಿಯನ್ನು ಬರಿಗೈಯಲ್ಲಿ ಮುಟ್ಟದಿರುವುದು, ಗೊಬ್ಬರಕ್ಕೆಂದು ಹಿಕ್ಕೆ ಬಾಚದಿರುವುದೇ ಸರಿಯಾದ ಎಚ್ಚರಿಕೆ. ಹೊಗೆ ಹಾಕಿದರೆ ಗಾಬರಿಗೊಂಡ ಬಾವಲಿಗಳು ಮನೆಯ ಅಟ್ಟ, ಗುಡಿಗಳಿಗೆ ಬಂದು ಸೇರಬಹುದು.

ಮನುಷ್ಯರನ್ನು ತಡೆದು ಬಾವಲಿಗಳಿಗೆ ದಾರಿ ಬಿಡುವ ಉಪಾಯವಿದೆ. ಸುರಂಗದ ಬಾಯಿಗೆ ಅಡ್ಡಡ್ಡಲಾಗಿ ಗಟ್ಟಿ ಕಬ್ಬಿಣದ ಸರಳುಗಳನ್ನು ಸುಮಾರು 15 ಸೆಂಟಿಮೀಟರ್ ಅಂತರದಲ್ಲಿ ಕೂರಿಸಿ, ನೆಟ್ಟ ಕಂಬಗಳನ್ನು ಆದಷ್ಟು ದೂರ ದೂರ ಇಡುತ್ತಾರೆ. ಗಾಳಿ ಮೊದಲಿನಂತೆಯೇ ಆಡುವುದರಿಂದ ಒಳಗಿನ ತಂಪು, ತೇವ ಕೆಡುವುದಿಲ್ಲ. ವೇಗವಾಗಿ ಹಾರುವ ಕೆಲವು ಜಾತಿಗಳು ಸರಳುಗಳ ನಡುವೆ ನುಸುಳಲಾರವು. ಅಂಥ ಕಡೆ ಬಾಯಿಯಿಂದ ದೂರದಲ್ಲಿ ಬೇಲಿ ಹಾಕುವುದೇ ಲೇಸು. ಜಾತಿ ಯಾವುದೆಂದು ತಿಳಿಯದೆ ಕೆಲಸಕ್ಕೆ ಕೈಹಾಕಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಅಪರೂಪದ ಜಾತಿಯೂ ಇದ್ದೀತು: ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಭೀಮಗಡದ ಬಾರಾಪೇಡೆ ಗುಹೆಯಲ್ಲಿರುವ ರಾಟನ್ಸ್ ಫ್ರೀ-ಟೇಲ್ಡ್ ಬಾವಲಿ, ಜಗತ್ತಿನಲ್ಲಿ ಆ ಒಂದೇ ಗುಹೆಯಲ್ಲಿದೆಯೆಂದು ಬಹುಕಾಲ ನಂಬಲಾಗಿತ್ತು.

ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಗಿದೆ. ಸುರಂಗ ಅದರ ಮಿತಿಯೊಳಗಿದ್ದರೆ, ಅನುಮತಿಯಿಲ್ಲದೆ ಪ್ರಾಣಿಗಳ ನೆಲೆಯನ್ನು ಹಾಳುಮಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಪಂಚಾಯಿತಿಯ ಮೂಲಕ ವಲಯ ಅರಣ್ಯಾಧಿಕಾರಿಗಳಿಗೆ ಅರ್ಜಿ ಕೊಡಿ. ಅದಕ್ಕೂ ಮೊದಲು ಒಂದು ಸಂಜೆ ದೀಪ ಹಚ್ಚದೆ, ಬಾಯಿಗೆ ಅಡ್ಡವಾಗದಂತೆ ದೂರ ಕುಳಿತು, ಬಾವಲಿಗಳು ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ, ಅಂದಾಜು ಎಷ್ಟು ಹೊರಟವೆಂದು ಬರೆದಿಟ್ಟುಕೊಂಡು ಅರ್ಜಿಯ ಜೊತೆಗೆ ಲಗತ್ತಿಸಿ.