ಕಾಸರಗೋಡಿನಿಂದ ನೈಟಿ ಮಾರಲು ಹಳೆಯ ತಾಣವೋ, ಹೊಸ ತಾಣವೋ?

ನಿಮ್ಮ ಪ್ರಶ್ನೆ ಇಷ್ಟು: ಬದಿಯಡ್ಕ ಕಡೆ ಮನೆಯಲ್ಲೇ ನೈಟಿ, ಚೂಡಿದಾರ್ ಹೊಲಿಯುತ್ತೀರಿ, ಆನ್‌ಲೈನಲ್ಲಿ ಮಾರಬೇಕು ಅಂತ ಇದೆ. ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ಹಳಬರ ಹತ್ತಿರ ಹೋಗುವುದಾ, ಮೀಶೋ, ಒಎನ್‌ಡಿಸಿ ಅಂತ ಆಮೇಲೆ ಬಂದವರ ಹತ್ತಿರವಾ? ಹೊಸಬರು ಉಳಿಯುತ್ತಾರಾ ಅಂತಲೂ ಕೇಳಿದ್ದೀರಿ.

ನನ್ನದು ಉಪ್ಪಳದಲ್ಲಿ ಸಣ್ಣ ಜವಳಿ ಅಂಗಡಿ. ಐದಾರು ವರ್ಷದಿಂದ ಎರಡು ಮೂರು ತಾಣಗಳಲ್ಲೂ ಮಾರುತ್ತಿದ್ದೇನೆ. ತಾಣದ ಮಾತು ಆಮೇಲೆ. ಮೊದಲು ತಲಪಾಡಿಯ, ಅಂದರೆ ಕೇರಳ-ಕರ್ನಾಟಕ ಗಡಿಯ ಗೇಟಿನ ಮಾತು.

ಹಿಂದೆ ಆನ್‌ಲೈನಲ್ಲಿ ಒಂದು ಕರ್ಚೀಫ್ ಮಾರಬೇಕಾದರೂ ಜಿಎಸ್‌ಟಿ ನೋಂದಣಿ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಅದು ಸಡಿಲವಾಯಿತು. ವರ್ಷದ ವಹಿವಾಟು 40 ಲಕ್ಷದೊಳಗೆ ಇದ್ದರೆ ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲಿನಲ್ಲಿ ಒಂದು ಎನ್‌ರೋಲ್‌ಮೆಂಟ್ ನಂಬರ್ ತೆಗೆದುಕೊಂಡರೆ ಸಾಕು. ಆದರೆ ಮಾಲು ನಿಮ್ಮ ರಾಜ್ಯದೊಳಗೇ ಹೋಗಬೇಕು. ತುಮಕೂರಿನವರಿಗೆ ಇದೊಂದು ಷರತ್ತು ಅಂತಲೇ ಅನ್ನಿಸುವುದಿಲ್ಲ. ನಮಗೆ ಹಾಗಲ್ಲ ನೋಡಿ. ಐನೂರು ಕಿಲೋಮೀಟರ್ ದಾಟಿ ತಿರುವನಂತಪುರಕ್ಕೆ ನೈಟಿ ಕಳಿಸಬಹುದು, ಸಂತೆಗೆ ಹೋದ ಹಾಗೆ ಹೋಗಿಬರುವ ಮಂಗಳೂರಿಗೆ ಕಳಿಸುವ ಹಾಗಿಲ್ಲ. ಗೇಟು ದಾಟಿದರೆ ಅಂತರರಾಜ್ಯ ವ್ಯಾಪಾರ!

ನನ್ನ ಚಿಕ್ಕಮ್ಮನ ಮಗಳು ಹೀಗೇ ಬರೀ ಆ ನಂಬರಿನಲ್ಲಿ ಶುರು ಮಾಡಿದಳು. ಮೊದಲ ವಾರವೇ ಮಂಗಳೂರು ಹತ್ತಿರದ ಕೊಣಾಜೆಯ ಗೆಳತಿಯ ಫೋನು: "ನಿನ್ನ ನೈಟಿ ನನ್ನ ಮೊಬೈಲಲ್ಲಿ ಕಾಣುವುದೇ ಇಲ್ಲವಲ್ಲ ಮಾರಾಯ್ತಿ?" ನಮ್ಮ ನೆಂಟರು, ಓದಿದ ಕಾಲೇಜು, ತೋರಿಸುವ ಡಾಕ್ಟರು ಎಲ್ಲ ಆಚೆ ಕಡೆ. ಗಿರಾಕಿಗಳೂ ಆಚೆ ಕಡೆಯವರೇ ಆಗಿರುತ್ತಾರೆ. ನಿಮ್ಮ ಗಿರಾಕಿಗಳು ಕಾಞಂಗಾಡು, ಕಣ್ಣೂರು ಕಡೆಯವರಾದರೆ ಎನ್‌ರೋಲ್‌ಮೆಂಟ್ ಸಾಕು. ಪುತ್ತೂರು, ಮಂಗಳೂರು ಅಂತಾದರೆ ನೋಂದಣಿ ಮಾಡಿಸಿಯೇ ಇಳಿಯಿರಿ. ನೀವು ಮಾರುವ ಬೆಲೆಯ ಬಟ್ಟೆಗೆ ತೆರಿಗೆ 5 ಶೇಕಡಾ ಅಷ್ಟೆ. ಸುಸ್ತು ಮಾಡುವುದು ತೆರಿಗೆ ಅಲ್ಲ, ರಿಟರ್ನ್ ಫೈಲ್ ಮಾಡುವ ತಾರೀಕುಗಳು.

ಈಗ ಹಳಬರು, ಹೊಸಬರು. ಹಳಬರೂ ಒಂದು ಕಾಲದ ಹೊಸಬರೇ ಅಲ್ವಾ? ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಿಕೊಂಡು ಶುರುವಾದದ್ದು. ಆಗ ಇಲ್ಲಿ ದೊಡ್ಡ ಹೆಸರು ಇಬೇ. ಕಾರ್ಡ್ ಇಲ್ಲದ, ಇದ್ದರೂ ನಂಬದ ಜನರಿಗೆ ಫ್ಲಿಪ್‌ಕಾರ್ಟ್ 2010ರಲ್ಲಿ 'ಮಾಲು ಕೈಗೆ ಬಂದ ಮೇಲೆ ದುಡ್ಡು ಕೊಡಿ' ಅಂದಿತು. 2013ರಲ್ಲಿ ಅಮೆಜಾನ್ ಬಂತು. 2017ರಲ್ಲಿ ಇಬೇಯ ಭಾರತದ ವ್ಯಾಪಾರ ಫ್ಲಿಪ್‌ಕಾರ್ಟ್ ಕೈಗೇ ಹೋಯಿತು. ಅದರ ಮರುವರ್ಷ ಫ್ಲಿಪ್‌ಕಾರ್ಟಿನ ದೊಡ್ಡ ಪಾಲನ್ನು ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಕೊಂಡಿತು. ಇವರಿಬ್ಬರ ಜಗಳ ಜಾಸ್ತಿ ಮೊಬೈಲು, ಟೀವಿ, ಬ್ರ್ಯಾಂಡಿನ ಮಾಲಿನ ಮೇಲೆ. ಇನ್ನೂರು ಮುನ್ನೂರು ರೂಪಾಯಿಯ ಹೆಸರಿಲ್ಲದ ನೈಟಿಯನ್ನು ಅವರು ಅಷ್ಟಾಗಿ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

2015ರಲ್ಲಿ ಶುರುವಾದ ಮೀಶೋ ನುಗ್ಗಿದ್ದು ಇದೇ ಸಂದಿಯಲ್ಲಿ. ಮೊದಲು ವಾಟ್ಸಾಪಿನಲ್ಲಿ ಸೀರೆ ಫೋಟೋ ಕಳಿಸಿ ಮಾರುವ ಹೆಂಗಸರನ್ನು ಹಿಡಿಯಿತು. ಆಮೇಲೆ 2021ರಲ್ಲಿ ಮಾರುವವರಿಂದ ಕಮಿಷನ್ನೇ ಬೇಡ ಅಂದಿತು. ಹಾಗಾದರೆ ಅದಕ್ಕೆ ದುಡ್ಡು ಎಲ್ಲಿಂದ? ಪಾರ್ಸೆಲ್ ಸಾಗಣೆಯಿಂದ, ಮತ್ತೆ ನಮ್ಮ ಮಾಲನ್ನು ಮೇಲೆ ತೋರಿಸಲು ನಾವೇ ಕೊಡುವ ಜಾಹೀರಾತಿನ ದುಡ್ಡಿನಿಂದ. ಹಳಬರು ಸುಮ್ನೆ ಕೂರಲಿಲ್ಲ. ಅದೇ 2021ರಲ್ಲಿ ಫ್ಲಿಪ್‌ಕಾರ್ಟ್ ಶಾಪ್ಸಿ ಅನ್ನುವ ಅಗ್ಗದ ಮಾಲಿನ ಆ್ಯಪ್ ತಂದಿತು. 2024ರಲ್ಲಿ ಅಮೆಜಾನ್ ತನ್ನೊಳಗೇ 'ಬಜಾರ್' ಅನ್ನುವ ಅಗ್ಗದ ಮಾಲಿನ ವಿಭಾಗ ತೆರೆಯಿತು. 2025ರ ಏಪ್ರಿಲಿನಿಂದ 300 ರೂಪಾಯಿ ಒಳಗಿನ ಸಾಕಷ್ಟು ಬಗೆಯ ಮಾಲಿಗೆ ಅಮೆಜಾನ್ ಕಮಿಷನ್ ಕೈಬಿಟ್ಟಿತು, ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ 1,000 ರೂಪಾಯಿವರೆಗಿನ ಮಾಲಿಗೆ ಬಿಟ್ಟಿತು. ಇವರಿಗೆ ನಮ್ಮ ಮೇಲೆ ಒಮ್ಮೆಗೇ ಪ್ರೀತಿ ಉಕ್ಕಿದ್ದಲ್ಲ. ಮೀಶೋ ಇರದಿದ್ದರೆ ಬಿಡುತ್ತಿದ್ದರು ಅಂತ ನನಗೇನೂ ಅನ್ನಿಸುವುದಿಲ್ಲ.

ಆದ್ದರಿಂದ 'ಕಮಿಷನ್ ಸೊನ್ನೆ' ಅನ್ನುವ ಬೋರ್ಡು ನೋಡಿ ತಾಣ ಆರಿಸಬೇಡಿ. ಈಗ ಎಲ್ಲರ ಬಾಗಿಲಲ್ಲೂ ಅದೇ ಬೋರ್ಡು. ಅಗ್ಗದ ಮಾಲಿನಲ್ಲಿ ಲಾಭ ತಿನ್ನುವುದು ಸಾಗಣೆ. ಅದರಲ್ಲೂ ವಾಪಸ್ ಬರುವ ಪಾರ್ಸೆಲ್. ಉದಾಹರಣೆಗೆ, ನೈಟಿಯೊಂದಕ್ಕೆ ನಿಮಗೆ 50 ರೂಪಾಯಿ ಉಳಿಯುತ್ತದೆ ಅಂತಿಟ್ಟುಕೊಳ್ಳಿ. ಗಿರಾಕಿ ತೆಗೆದುಕೊಂಡು ನೋಡಿ ವಾಪಸ್ ಮಾಡಿದ ಒಂದು ಪಾರ್ಸೆಲಿಗೆ 150 ಹೋದರೆ, ಮೂರು ನೈಟಿಯ ಲಾಭ ಅಲ್ಲಿಗೇ ಮುಗಿಯಿತು. ಪ್ಯಾಕಿಂಗ್ ಕವರು, ಇಸ್ತ್ರಿ ಬೇರೆ.

ಮಾರುವವರ ಬಾಯಲ್ಲಿ ಆರ್‌ಟಿಒ ಅನ್ನುವ ಮಾತು ದಿನಾ ಬರುತ್ತದೆ. ಲೈಸೆನ್ಸ್ ಕೊಡುವ ಆಫೀಸು ಅಲ್ಲ. ಗಿರಾಕಿ ಮನೆಯಲ್ಲಿಲ್ಲ, ಫೋನ್ ಎತ್ತಲಿಲ್ಲ, ಮನಸ್ಸು ಬದಲಾಯಿತು ಅಂತ ಪಾರ್ಸೆಲ್ ಬಾಗಿಲಿಂದಲೇ ತಿರುಗಿ ಬರುವುದು. ದುಡ್ಡು ಮೊದಲೇ ಕೊಟ್ಟವರಲ್ಲಿ ಇದು ಕಡಿಮೆ, ಕೈಗೆ ಬಂದ ಮೇಲೆ ಕೊಡುವವರಲ್ಲಿ ಜಾಸ್ತಿ. ಅಗ್ಗದ ಮಾಲು ಕೊಳ್ಳುವವರು ಹೆಚ್ಚಾಗಿ ಎರಡನೆಯವರು. ಇದರ ಖರ್ಚು ಯಾರ ತಲೆಗೆ, ವಾಪಸಾತಿಯ ಖರ್ಚು ಯಾರ ತಲೆಗೆ, ಎರಡನ್ನೂ ಪ್ರತಿ ತಾಣದ ದರಪಟ್ಟಿಯಲ್ಲಿ ಬೇರೆ ಬೇರೆಯಾಗಿ ಓದಿ. ಅದು ಆಗಾಗ ಬದಲಾಗುತ್ತಲೂ ಇರುತ್ತದೆ.

ಒಂದು ತಾಣದಲ್ಲಿ (ಹೆಸರು ಬೇಡ) ನನಗೆ ಆದದ್ದು ಹೇಳುತ್ತೇನೆ. ಹೊಸ ನೈಟಿ ಕಳಿಸಿದೆ, ವಾಪಸ್ ಬಂದದ್ದು ಬಣ್ಣ ಹೋದ ಯಾವುದೋ ಹಳೇ ನೈಟಿ. ದೂರು ಕೊಟ್ಟೆ. ಪಾರ್ಸೆಲ್ ಬಿಚ್ಚುವ ವಿಡಿಯೋ ಇಲ್ಲ ಅಂತ ತಳ್ಳಿಹಾಕಿದರು. ಅಮ್ಮ ಅದನ್ನು ಮೂಸಿ ನೋಡಿ, "ಪಾಪ, ಸೋಪು ಹಾಕಿ ಒಗೆದು ಕಳಿಸಿದ್ದಾರೆ" ಅಂದರು. ಈಗ ಅದು ಅಂಗಡಿಯ ನೆಲ ಒರೆಸುವ ಬಟ್ಟೆ.

ಒಎನ್‌ಡಿಸಿ ಬಗ್ಗೆ: ಅದು ಅಂಗಡಿಯಲ್ಲ, 2022ರಲ್ಲಿ ಪ್ರಯೋಗಕ್ಕಿಳಿದ, ಸರ್ಕಾರದ ಬೆಂಬಲದ ಒಂದು ಜಾಲ. ಒಂದು ಕಂಪನಿಯ ಸಿಮ್ಮಿನಿಂದ ಇನ್ನೊಂದಕ್ಕೆ ಫೋನ್ ಹೋಗುವ ಹಾಗೆ, ಒಂದು ಆ್ಯಪಿನಲ್ಲಿ ನೀವು ಹಾಕಿದ ಮಾಲು ಬೇರೆ ಆ್ಯಪಿನ ಗಿರಾಕಿಗೂ ಕಾಣಬೇಕು ಅನ್ನುವ ಯೋಚನೆ. ಯೋಚನೆ ನನಗೆ ಇಷ್ಟ. ಆದರೆ ನೈಟಿ ಕೊಳ್ಳುವವಳು ಅದರ ಹೆಸರು ಹುಡುಕಿಕೊಂಡು ಬರುವುದಿಲ್ಲ. ಮೊದಲ ವ್ಯಾಪಾರಕ್ಕೆ ಅದನ್ನೇ ನಂಬಬೇಡಿ.

ನಾನು ನಿಮ್ಮ ಜಾಗದಲ್ಲಿದ್ದರೆ ಮೀಶೋದಲ್ಲಿ ನಾಲ್ಕೈದು ನೈಟಿಯಿಂದ ಶುರು ಮಾಡಿ, ಮೂರು ತಿಂಗಳು ವಾಪಸ್ ಬಂದದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಅಳತೆ ಸರಿಯಿಲ್ಲ ಅಂತ ಬಂದದ್ದೇ ಜಾಸ್ತಿಯಾದರೆ ಫೋಟೋ ಪಕ್ಕ ಇಂಚಿನ ಲೆಕ್ಕ ಹಾಕಿ. ಎಕ್ಸೆಲ್, ಡಬಲ್ ಎಕ್ಸೆಲ್ ಅಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ಚೂಡಿದಾರ್ ಬೆಲೆ ಜಾಸ್ತಿ, ಹೊಲಿಗೆಯೂ ಚೆನ್ನಾಗಿದ್ದರೆ ಅದನ್ನು ಹಳಬರಲ್ಲಿ ಹಾಕಿ. ಹೊಸಬರು ಉಳಿಯುತ್ತಾರಾ ಅಂದಿರಲ್ಲ, ಮೀಶೋ 2025ರ ಡಿಸೆಂಬರಿನಲ್ಲಿ ಶೇರು ಮಾರುಕಟ್ಟೆಗೇ ಬಂತು, ಅದನ್ನು ಇನ್ನು ಹೊಸಬರ ಸಾಲಿನಲ್ಲಿ ಕೂರಿಸುವುದೂ ಕಷ್ಟ.

ಮತ್ತೆ, ಪ್ಯಾಕ್ ಮಾಡುವಾಗ, ಬಿಚ್ಚುವಾಗ ಎರಡೂ ಸಲ ವಿಡಿಯೋ ಮಾಡಿ. ಮೊಬೈಲ್ ಸ್ಟ್ಯಾಂಡ್ ಬದಿಯಡ್ಕ ಪೇಟೆಯಲ್ಲೇ ಸಿಗುತ್ತದೆ. ನಾನು ಆನ್‌ಲೈನಲ್ಲಿ ತರಿಸಿದ್ದೆ. ಕಾಲು ಮುರಿದದ್ದು ಬಂತು, ವಾಪಸ್ ಮಾಡಿದೆ.