‘ನೆವರ್ ಅಲೋನ್’ ಅನ್ನೋ ವಿಡಿಯೊ ಗೇಮನ್ನು 10 ವರ್ಷದ ಮಗಳ ಜೊತೆ ಆಡಬಹುದಾ? ಅದರ ಕಥೆ ನಿಜಕ್ಕೂ ಅಮೆರಿಕದ ಅಲಾಸ್ಕಾದ ಮೂಲನಿವಾಸಿಗಳದ್ದಾ, ಇಲ್ಲಾ ಸುಮ್ನೆ ಅಲಂಕಾರಕ್ಕಾ?

ಧಾರಾಳವಾಗಿ ಆಡಿ. ಕಥೆಯೂ ಅವರದ್ದೇ. ನಿಮ್ಮ ಎರಡನೇ ಪ್ರಶ್ನೆ ನನಗೆ ಜಾಸ್ತಿ ಹಿಡಿಸಿತು, ಅಲ್ಲಿಂದಲೇ ಶುರು ಮಾಡ್ತೀನಿ.

ಬುಡಕಟ್ಟು ಜನರ ಹೆಸರು ಹೇಳಿಕೊಂಡು ಬರುವ ಆಟಗಳಲ್ಲಿ ಸಾಮಾನ್ಯವಾಗಿ ಏನಿರುತ್ತೆ? ತಲೆಗೊಂದು ಗರಿ, ಕೈಗೊಂದು ಡೋಲು, ಹಿಂದೆ ಒಂದಿಷ್ಟು ಕೂಗಾಟ. ಇಲ್ಲಿ ಎಲ್ಲ ಉಲ್ಟಾ. ಅಲಾಸ್ಕಾದ ಆ್ಯಂಕರೇಜ್‌ನಲ್ಲಿ ಕುಕ್ ಇನ್ಲೆಟ್ ಟ್ರೈಬಲ್ ಕೌನ್ಸಿಲ್ ಅಂತ ಮೂಲನಿವಾಸಿಗಳದ್ದೇ ಒಂದು ಸಂಸ್ಥೆ ಇದೆ. ಬರೀ ಅನುದಾನ ನೆಚ್ಚಿಕೊಂಡು ಕೂರಬಾರದು, ಸ್ವಂತ ಆದಾಯ ಬೇಕು, ಜೊತೆಗೆ ತಮ್ಮ ಕಥೆಗಳು ಈಗಿನ ಹುಡುಗರಿಗೂ ಮುಟ್ಟಬೇಕು ಅಂತ ಯೋಚಿಸಿದವರು ಅವರು. ಇ-ಲೈನ್ ಮೀಡಿಯಾ ಎಂಬ ಗೇಮ್ ಕಂಪನಿಯನ್ನು ಅವರೇ ಹುಡುಕಿಕೊಂಡು ಹೋದರು. ಇನ್ಯೂಪಿಯಾಟ್ ಅಂದರೆ ಅಲಾಸ್ಕಾದ ಉತ್ತರ ಭಾಗದ ಮೂಲನಿವಾಸಿಗಳು. ಅವರ ಹಿರಿಯರು, ಕಥೆಗಾರರು ಸೇರಿ ಸುಮಾರು 40 ಮಂದಿ ಕೈಜೋಡಿಸಿದರು. ಆಟ 2014ರ ನವೆಂಬರ್‌ನಲ್ಲಿ ಬಂತು, ಮರುವರ್ಷ ಚೊಚ್ಚಲ ಆಟಕ್ಕೆ ಕೊಡುವ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಗೆದ್ದಿತು.

ಮೂಲ ಕಥೆ ರಾಬರ್ಟ್ ನಸ್ರುಕ್ ಕ್ಲೀವ್‌ಲ್ಯಾಂಡ್ ಎಂಬ ಇನ್ಯೂಪಿಯಾಟ್ ಕಥೆಗಾರ ಹೇಳಿದ್ದು. ನಿಲ್ಲದ ಹಿಮಗಾಳಿ, ಊಟಕ್ಕೂ ದಾರಿಯಿಲ್ಲದ ಊರು, ಆ ಗಾಳಿ ಎಲ್ಲಿಂದ ಬರ್ತಿದೆ ನೋಡೇಬಿಡೋಣ ಅಂತ ಹೊರಟ ಹುಡುಗ. ಆಟ ಮಾಡುವವರು ಇದನ್ನು ಪುಸ್ತಕದಿಂದ ಎತ್ತಿಕೊಂಡು ಸುಮ್ಮನಾಗಲಿಲ್ಲ. ಕ್ಲೀವ್‌ಲ್ಯಾಂಡ್ ಅವರ ಮಗಳು, ವಯಸ್ಸಾದ ಮಿನ್ನಿ ಗ್ರೇ ಅವರ ಹತ್ತಿರ ಹೋಗಿ ಒಪ್ಪಿಗೆ ಕೇಳಿದರು. ಆಟದಲ್ಲಿ ಆ ಹುಡುಗನ ಜಾಗಕ್ಕೆ ನೂನಾ ಎಂಬ ಹುಡುಗಿ ಬಂದಿದ್ದಾಳೆ. ಪೂರ್ತಿ ಆಟಕ್ಕೆ ಒಬ್ಬ ಹಿರಿಯರ ದನಿ ಇದೆ, ಜೇಮ್ಸ್ ನಗೆಯಾಕ್ ಅವರದು, ಅದೂ ಅವರ ಇನ್ಯೂಪಿಯಾಕ್ ಭಾಷೆಯಲ್ಲೇ. ಕೆಳಗೆ ಇಂಗ್ಲಿಷ್ ಸಾಲು ಬರುತ್ತೆ. ಮಗಳಿಗೆ ಓದೋಕೆ ತಡವಾದರೆ ನೀವು ಪಕ್ಕದಲ್ಲಿ ಕನ್ನಡದಲ್ಲಿ ಹೇಳ್ತಾ ಹೋಗಿ. ನಾನು ಅಕ್ಕನ ಮಗನಿಗೆ ಹಾಗೇ ಮಾಡಿದೆ, ಅವನಿಗೆ ಅದೇ ಜಾಸ್ತಿ ಮಜಾ ಕೊಟ್ಟಿತು.

ಇನ್ನು ಆಟ. ಒಬ್ಬರು ನೂನಾ, ಇನ್ನೊಬ್ಬರು ಬಿಳಿ ಹಿಮನರಿ. ನರಿ ಗೋಡೆ ಹತ್ತುತ್ತೆ, ಸಣ್ಣ ಸಂದಿಯಲ್ಲಿ ನುಸುಳುತ್ತೆ. ಮುಖ್ಯವಾದ ವಿಷಯ ಏನೆಂದರೆ, ನರಿ ಹತ್ತಿರ ಬಂದರೆ ಮಾತ್ರ ನೆರವಿಗಿರುವ ಆತ್ಮಗಳು ಕಣ್ಣಿಗೆ ಕಾಣುತ್ತವೆ. ನೂನಾ ಅವುಗಳ ಮೇಲೆ ಕಾಲಿಟ್ಟು ಕಂದಕ ದಾಟಬೇಕು. ನರಿ ಅತ್ತ ಹೋಯ್ತೋ, ಕಾಲ ಕೆಳಗಿನ ನೆಲವೇ ಇಲ್ಲ! ಅಕ್ಕನ ಮಗ ಬೇಕಂತಲೇ ನರಿಯನ್ನು ಓಡಿಸಿಕೊಂಡು ಹೋಗಿ ನನ್ನನ್ನು ಬೀಳಿಸುತ್ತಿದ್ದ. ನಿಮಗೂ ಇದು ತಪ್ಪಿದ್ದಲ್ಲ.

ಗಾಳಿಯನ್ನು ಬಳಸಿರುವ ರೀತಿ ನನಗೆ ತುಂಬಾ ಇಷ್ಟ. ಎದುರುಗಾಳಿ ಬೀಸಿದರೆ ನೂನಾ ಕುಕ್ಕರುಗಾಲಲ್ಲಿ ಕೂತು ನೆಲ ಕಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಹಾರಿ ನೀರಿಗೆ ಬೀಳ್ತಾಳೆ. ಅದೇ ಗಾಳಿ ಬೆನ್ನಿಗೆ ಬಂದಾಗ ಜಿಗಿದರೆ, ದಾಟೋಕೆ ಆಗದ ಅಂತರವೂ ದಾಟುತ್ತೆ.

ದಾರಿಯಲ್ಲಿ ಗೂಬೆಗಳು ಸಿಗುತ್ತವೆ. ಒಂದೊಂದು ಸಿಕ್ಕಾಗಲೂ ಒಂದು ಪುಟ್ಟ ವಿಡಿಯೊ ತೆರೆದುಕೊಳ್ಳುತ್ತೆ, ಒಟ್ಟು 24. ದಯವಿಟ್ಟು ಇವನ್ನು ಕೊನೆಗೆ ಅಂತ ಬಿಡಬೇಡಿ, ಆಗಾಗಲೇ ನೋಡಿ. ಅಲ್ಲಿಯ ಜನರೇ ಕ್ಯಾಮೆರಾ ಮುಂದೆ ಕೂತು ತಿಮಿಂಗಿಲ ಬೇಟೆ, ಕರಗುತ್ತಿರುವ ಹಿಮ, ಡೋಲು, ಹಂಚಿ ತಿನ್ನೋದು, ಹೀಗೆ ಮಾತಾಡ್ತಾರೆ. ಆಟದ ಒಂದು ಕಡೆ ಆಕಾಶದ ಹಸಿರು ಬೆಳಕಿನಿಂದ ಆಕೃತಿಗಳು ಇಳಿದು ಬಂದು ನೂನಾಳನ್ನು ಎತ್ತಿಕೊಂಡು ಹೋಗುತ್ತವೆ. ವಿಡಿಯೊ ನೋಡಿದ ಮೇಲೆ ಗೊತ್ತಾಗುತ್ತೆ: ಆ ಬೆಳಕು ತಲೆಯನ್ನೇ ಕಿತ್ತು ಚೆಂಡಾಡುತ್ತೆ, ಟೋಪಿ ಹಾಕ್ಕೊಳ್ಳಿ ಅಂತ ಅಲ್ಲಿ ಮಕ್ಕಳನ್ನು ಹೆದರಿಸ್ತಾರಂತೆ. ಆ ಚಳಿಯಲ್ಲಿ ಟೋಪಿ ಹಾಕಿಸೋಕೆ ಇದಕ್ಕಿಂತ ಒಳ್ಳೆ ಉಪಾಯ ಬೇಕಾ?

ಕೊರತೆ ಇಲ್ಲ ಅಂತಲ್ಲ. ದಾರಕ್ಕೆ ಭಾರ ಕಟ್ಟಿ ಎಸೆಯುವ ಬೋಲಾ ಅನ್ನೋ ಆಯುಧ ಗುರಿ ಸೇರೋದೇ ಕಷ್ಟ, ತಾಳ್ಮೆ ಕೆಡಿಸುತ್ತೆ. ಒಬ್ಬರೇ ಆಡಿದರೆ ಇನ್ನೊಂದು ಪಾತ್ರವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತೆ, ಅದು ಆಗಾಗ ತಾನಾಗಿ ಹೋಗಿ ಸಾಯುತ್ತೆ. ಒಗಟುಗಳೂ ಸುಲಭ. ತಲೆ ಕೆರೆದುಕೊಳ್ಳುವಂಥದ್ದು ಬೇಕು ಅನ್ನುವವರಿಗೆ ಇದು ಬೇಡ. ಮೂರ್ನಾಲ್ಕು ಗಂಟೆಯಲ್ಲಿ ಮುಗಿದೂ ಹೋಗುತ್ತೆ.

ಹೆದರಿಕೆ ವಿಷಯ ಹೇಳಲೇಬೇಕು. ಶುರುವಿನಲ್ಲೇ ಹಿಮಕರಡಿ ಅಟ್ಟಿಸಿಕೊಂಡು ಬರುತ್ತೆ. ಊರು ಸುಟ್ಟ ಒಬ್ಬ ಭಯಂಕರ ಮನುಷ್ಯ ಬೆಂಕಿ ಉಂಡೆ ಎಸೀತಾನೆ. ರಕ್ತ ಚೆಲ್ಲಾಡೋದು ಇಲ್ಲ. ಆದರೆ ಮಧ್ಯದಲ್ಲಿ ನರಿಗೆ ಆಗಬಾರದ್ದು ಆಗುತ್ತೆ. ಪ್ರಾಣಿ ಅಂದರೆ ಜೀವ ಬಿಡುವ ಮಗುವಾದರೆ ಅತ್ತೇ ಅಳುತ್ತೆ. ಅಲ್ಲಿಗೇ ಆಟ ನಿಲ್ಲಿಸಿ ಮಲಗಿಸಬೇಡಿ, ಇನ್ನೊಂದು ಸ್ವಲ್ಪ ಮುಂದೆ ಹೋಗಿ, ನರಿ ಪೂರ್ತಿ ಕೈಬಿಡುವುದಿಲ್ಲ.

ಕೀಬೋರ್ಡ್ ಬದಲು ಎರಡು ಕಂಟ್ರೋಲರ್ ಇಟ್ಟುಕೊಳ್ಳಿ, ದೊಡ್ಡ ಪರದೆ ಇದ್ದರೆ ಇನ್ನೂ ಒಳ್ಳೇದು. ನರಿಯನ್ನು ಮಗಳಿಗೆ ಕೊಡಿ. 2015ರಲ್ಲಿ ‘ಫಾಕ್ಸ್‌ಟೇಲ್ಸ್’ ಅಂತ ಒಂದು ಪುಟ್ಟ ಮುಂದುವರಿಕೆಯೂ ಬಂತು. ಅದಕ್ಕೆ ಈಗಲೇ ದುಡ್ಡು ಹಾಕಬೇಡಿ, ಇದು ಮುಗಿದ ಮೇಲೂ ಅವಳು ನರಿ ಬೇಕು ಅಂತ ಹಟ ಹಿಡಿದರೆ ನೋಡಿದರಾಯ್ತು.