ಕೆಂಟಕಿಯ ಕ್ಲೇಬೋರ್ನ್ ಫಾರ್ಮ್ ಕುದುರೆ ತಳಿಯಲ್ಲಿ ಇಷ್ಟು ಹೆಸರಾದದ್ದು ಹೇಗೆ?

ಅಮೆರಿಕದ ಕೆಂಟಕಿಯ ಪ್ಯಾರಿಸ್ ಎಂಬ ಸಣ್ಣ ಊರಿನ ಹೊರಗಿರುವ ಈ ಥರೋಬ್ರೆಡ್ (ಪಂದ್ಯದ ಕುದುರೆ ತಳಿ) ಸಾಕಣೆ ಕೇಂದ್ರವು, ಅದರ ಸ್ಥಾಪಕ ಆರ್ಥರ್ ಹ್ಯಾನ್ಕಾಕ್ ಅವರ ಪತ್ನಿಗೆ ಪಿತ್ರಾರ್ಜಿತವಾಗಿ ಬಂದ ಜಮೀನಿನಲ್ಲಿ 1910ರಲ್ಲಿ ಆರಂಭವಾಯಿತು. ಅಲ್ಲಿನ ನೆಲದಡಿ ಸುಣ್ಣಕಲ್ಲಿದ್ದು, ಹುಲ್ಲಿನಲ್ಲಿ ಕ್ಯಾಲ್ಸಿಯಂ ಹೆಚ್ಚಿರುವುದರಿಂದ ಮರಿಗಳ ಮೂಳೆ ಗಟ್ಟಿಯಾಗುತ್ತದೆಂಬುದು ಆ ಸೀಮೆಯ ಸಾಕಣೆದಾರರ ಬಲವಾದ ನಂಬಿಕೆ.

ಆದರೆ ಹೆಸರು ತಂದದ್ದು ಮಣ್ಣಿಗಿಂತ ಹೆಚ್ಚಾಗಿ ಬೀಜದ ಕುದುರೆಗಳ ಆಯ್ಕೆ ಎಂಬುದು ನನ್ನ ಅಭಿಪ್ರಾಯ. ಥರೋಬ್ರೆಡ್ ನೋಂದಣಿಗೆ ಕೃತಕ ಗರ್ಭಧಾರಣೆಯನ್ನು ಒಪ್ಪುವುದಿಲ್ಲ. ಆದ್ದರಿಂದ ಉತ್ತಮ ಗಂಡು ಕುದುರೆ ಎಲ್ಲಿದೆಯೋ ಅಲ್ಲಿಗೇ ಹೆಣ್ಣು ಕುದುರೆಗಳನ್ನು ಕರೆತರಬೇಕು. ಹ್ಯಾನ್ಕಾಕ್ ಹಲವರಿಂದ ಪಾಲು ಬಂಡವಾಳ ಕೂಡಿಸಿ ಯೂರೋಪಿನಿಂದ ಸರ್ ಗ್ಯಾಲಹಾಡ್ ಕುದುರೆಯನ್ನು ತರಿಸಿದರು. ಅದರ ಮರಿ ಗ್ಯಾಲಂಟ್ ಫಾಕ್ಸ್ 1930ರಲ್ಲಿ, ಅಮೆರಿಕದ ಮೂರು ಪ್ರಮುಖ ಪಂದ್ಯಗಳನ್ನು ಒಂದೇ ವರ್ಷ ಗೆದ್ದರೆ ಸಿಗುವ ಟ್ರಿಪಲ್ ಕ್ರೌನ್ ಗೆದ್ದಿತು. ಮುಂದೆ ಅವರ ಮಗ ಬುಲ್ ಹ್ಯಾನ್ಕಾಕ್ ತರಿಸಿದ ನಸ್ರುಲ್ಲಾ ಎಂಬ ಕುದುರೆಯಿಂದ ಬೋಲ್ಡ್ ರೂಲರ್, ಬೋಲ್ಡ್ ರೂಲರ್‌ನಿಂದ ಸೆಕ್ರೆಟೇರಿಯಟ್ ಹುಟ್ಟಿದವು.

1972ರಲ್ಲಿ ಬುಲ್ ತೀರಿಕೊಂಡಾಗ ಹೊಣೆ ಹೊತ್ತ ಮಗ ಸೆತ್, ಇನ್ನೂ ಇಪ್ಪತ್ತರ ಹರೆಯದಲ್ಲೇ, ಸೆಕ್ರೆಟೇರಿಯಟ್‌ನ ತಳಿ ಹಕ್ಕನ್ನು (ಅದರಿಂದ ಮರಿ ಪಡೆಯುವ ಹಕ್ಕು) ತಲಾ 1,90,000 ಡಾಲರಿನ 32 ಪಾಲುಗಳಾಗಿ ಮಾರಿದರು. ಸೆಕ್ರೆಟೇರಿಯಟ್ ಟ್ರಿಪಲ್ ಕ್ರೌನ್ ಗೆಲ್ಲುವ ಮುನ್ನವೇ ನಡೆದ ವ್ಯವಹಾರ ಇದು ಎಂಬುದನ್ನು ಗಮನಿಸಬೇಕು. ನಿವೃತ್ತಿಯ ನಂತರ ಆ ಕುದುರೆ ತಂದೆ ಬೋಲ್ಡ್ ರೂಲರ್ ಇದ್ದ ಲಾಯದಲ್ಲೇ ನೆಲೆಸಿತು. ಸಾಮಾನ್ಯವಾಗಿ ಹೆಸರಾಂತ ಪಂದ್ಯದ ಕುದುರೆಗಳ ತಲೆ, ಹೃದಯ, ಗೊರಸುಗಳನ್ನಷ್ಟೇ ಹೂಳುವ ಪದ್ಧತಿಯಿದ್ದರೂ, 1989ರಲ್ಲಿ ಅದನ್ನು ಇಡಿಯಾಗಿ ಅಲ್ಲೇ ಹೂಳಲಾಯಿತು.